ಗೆಡ್ಡೆಯ ನೆರೆಹೊರೆ

ಆಪರೇಶನ್ ಮಾಡಿ ಹೊರತೆಗೆದ ಒಂದು ಕ್ಯಾನ್ಸರ್ ಗೆಡ್ಡೆಯಲ್ಲಿ ಕ್ಯಾನ್ಸರ್ ಎಷ್ಟಿರುತ್ತದೆ? ಇದೆಂಥ ಪ್ರಶ್ನೆ, ಗೆಡ್ಡೆ ಅಂದರೇನೇ ಕ್ಯಾನ್ಸರ್ ಅಲ್ವಾ ಅಂತೀರಾ? ಅಲ್ಲ. ದೊಡ್ಡಕರುಳಿನ ಕೆಲವು ಗೆಡ್ಡೆಗಳನ್ನು ತೆಳ್ಳಗೆ ಕತ್ತರಿಸಿ, ಬಣ್ಣ ಹಾಕಿ, ಮೈಕ್ರೋಸ್ಕೋಪ್ ಕೆಳಗಿಟ್ಟರೆ ಅರ್ಧಕ್ಕಿಂತ ಹೆಚ್ಚು ಜಾಗದಲ್ಲಿ ಕಾಣುವುದು ಬೇರೆಯವರೇ. ನಾರು ನೇಯುವ ಜೀವಕೋಶಗಳು, ಹೊಸದಾಗಿ ಹುಟ್ಟಿದ ರಕ್ತನಾಳಗಳು, ಬಿಳಿ ರಕ್ತಕಣಗಳು, ಇವುಗಳ ನಡುವೆ ಹಗ್ಗದಂತೆ ಹೊಸೆದುಕೊಂಡ ಕೊಲಾಜನ್. ಇವು ಯಾವುವೂ ಕ್ಯಾನ್ಸರ್ ಅಲ್ಲ. ರೋಗಿಯ ಸ್ವಂತ, ಆರೋಗ್ಯವಂತ ವಂಶವಾಹಿಗಳಿರುವ ಕೋಶಗಳು. ವೈದ್ಯರು ಈ ಸುತ್ತಲಿನ ಅಂಗಾಂಶವನ್ನು ಸ್ಟ್ರೋಮಾ ಅನ್ನುತ್ತಾರೆ. ನಾನು ಈ ಲೇಖನದಲ್ಲಿ ನೆರೆಹೊರೆ ಅನ್ನುತ್ತೇನೆ.

ಕಂಪ್ಯೂಟರ್ ಸೈನ್ಸ್ ಓದುವ ಹುಡುಗನಿಗೆ ಇದೆಲ್ಲ ಯಾಕೆ ಬೇಕಿತ್ತು ಅಂದರೆ, ಅದಕ್ಕೆ ನಮ್ಮ ದೊಡ್ಡವ್ವ ಕಾರಣ.

ಮೂರು ವರ್ಷದ ಹಿಂದೆ, ನಾನು ಸೆಕೆಂಡ್ ಪಿಯುಸಿಯಲ್ಲಿದ್ದಾಗ, ನಮ್ಮ ದೊಡ್ಡಪ್ಪನಿಗೆ ದೊಡ್ಡಕರುಳಿನ ಕ್ಯಾನ್ಸರ್ ಅಂತ ಗೊತ್ತಾಯಿತು. ಆಗ ಅವರಿಗೆ 54. ಅದಕ್ಕೂ ಮುಂಚೆ ಎಂಟು ತಿಂಗಳು ಮಲದಲ್ಲಿ ರಕ್ತ ಹೋಗುತ್ತಿತ್ತು. ಹಳ್ಳಿಯಲ್ಲಿ ಇದಕ್ಕೆ ಒಂದೇ ಹೆಸರು, ಮೂಲವ್ಯಾಧಿ. ಖಾರ ಬಿಟ್ಟರು, ಮಜ್ಜಿಗೆ ಕುಡಿದರು, ಯಾರೋ ಕೊಟ್ಟ ಬೇರು ಅರೆದು ಕುಡಿದರು. ಕೊನೆಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರುವಷ್ಟು ರಕ್ತಹೀನತೆ ಆದ ಮೇಲೆ ಕೊಲೊನೊಸ್ಕೋಪಿ ಆಯಿತು. ಮೂರನೇ ಸ್ಟೇಜ್. ಅಂದರೆ ಹತ್ತಿರದ ದುಗ್ಧ ಗ್ರಂಥಿಗಳಿಗೆ ತಲುಪಿದೆ, ದೂರದ ಅಂಗಗಳಿಗೆ ಇನ್ನೂ ಹೋಗಿಲ್ಲ.

ಪಕ್ಕದ ಬೆಡ್‌ನಲ್ಲಿ ಒಬ್ಬರು ನಿವೃತ್ತ ಮಾಸ್ತರು ಇದ್ದರು. ಅವರದೂ ಮೂರನೇ ಸ್ಟೇಜ್. ಅದೇ ವಾರ ಆಪರೇಶನ್, ಆಮೇಲೆ ಅದೇ ಕೀಮೋ. ಎರಡೂ ಮನೆಯವರು ರೊಟ್ಟಿ ಬುತ್ತಿ ಹಂಚಿಕೊಂಡು ತಿನ್ನುವಷ್ಟು ಹತ್ತಿರವಾದರು. ವರ್ಷ ತುಂಬುವುದರೊಳಗೆ ಮಾಸ್ತರ ಲಿವರ್‌ಗೆ ಕ್ಯಾನ್ಸರ್ ಹಬ್ಬಿತು, ಅವರು ಉಳಿಯಲಿಲ್ಲ. ದೊಡ್ಡಪ್ಪ ಈ ಸಲವೂ ಗೋವಿನಜೋಳ ಬಿತ್ತಿದ್ದಾರೆ.

ಊರಿನವರಿಗೆ ಇದಕ್ಕೆ ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ದೊಡ್ಡಪ್ಪನದು ದೇವರ ಹರಕೆ, ಮಾಸ್ತರದು ಪಥ್ಯ ಮಾಡದ ತಪ್ಪು. ದೊಡ್ಡವ್ವನಿಗೆ ಮಾತ್ರ ಇದು ಸರಿ ಅನಿಸಲಿಲ್ಲ. ಮಾಸ್ತರ ಹೆಂಡತಿ ಎಷ್ಟು ಚೆನ್ನಾಗಿ ನೋಡಿಕೊಂಡಿದ್ದರು ಅನ್ನುವುದನ್ನು ಅವರು ಕಣ್ಣಾರೆ ಕಂಡಿದ್ದರು. ಕಳೆದ ದೀಪಾವಳಿಗೆ ಊರಿಗೆ ಹೋದಾಗ ನನ್ನನ್ನು ಕೂರಿಸಿಕೊಂಡು ಕೇಳಿದರು: “ತಮ್ಮಾ, ಇಬ್ಬರದೂ ಒಂದ ಸ್ಟೇಜು, ಒಂದ ಆಪರೇಶನ್ನು, ಒಂದ ಔಷಧ. ಹಂಗಿದ್ದ ಮ್ಯಾಲೆ ಮಾಸ್ತರಿಗೆ ಯಾಕ ಹಂಗಾತು? ನಿಮ್ಮ ಕಂಪ್ಯೂಟರ್ ಏನರ ಹೇಳತೈತೇನು?”

ಅವರಿಬ್ಬರ ಗೆಡ್ಡೆಯ ಒಳಗೆ ಏನು ನಡೆದಿತ್ತೋ ನಾನು ಹೇಳಲಾರೆ, ನಾನು ಡಾಕ್ಟರೂ ಅಲ್ಲ. ಆದರೆ ಒಂದೇ ಸ್ಟೇಜ್‌ನ ಇಬ್ಬರು ರೋಗಿಗಳ ದಾರಿ ಯಾಕೆ ಬೇರೆಯಾಗುತ್ತದೆ ಅನ್ನುವ ಪ್ರಶ್ನೆಗೆ ವಿಜ್ಞಾನ ಇತ್ತೀಚೆಗೆ ಕೊಡುತ್ತಿರುವ ಉತ್ತರಗಳಲ್ಲಿ ಒಂದು ನನಗೆ ತುಂಬ ಹಿಡಿಸಿತು. ಆ ಉತ್ತರ ಇರುವುದು ನೆರೆಹೊರೆಯಲ್ಲಿ.

ನಾವು ಓದಿದ ಪಠ್ಯಗಳಲ್ಲಿ ಕ್ಯಾನ್ಸರ್ ಅಂದರೆ ವಂಶವಾಹಿಗಳ ಕಥೆ. ಕರುಳಿನ ಕ್ಯಾನ್ಸರ್ ಅಂತೂ ಈ ಕಥೆಗೆ ಹೇಳಿ ಮಾಡಿಸಿದ ಉದಾಹರಣೆ. ಕರುಳಿನ ಒಳಗೋಡೆಯ ಒಂದು ಕೋಶದಲ್ಲಿ ಮೊದಲು ಎಪಿಸಿ ಅನ್ನುವ ವಂಶವಾಹಿ ಕೆಡುತ್ತದೆ, ಪಾಲಿಪ್ ಅನ್ನುವ ಸಣ್ಣ ಗಂಟು ಏಳುತ್ತದೆ. ಆಮೇಲೆ ಕೆಆರ್‌ಎಎಸ್, ಆಮೇಲೆ ಪಿ53. ಒಂದೊಂದೇ ಮೆಟ್ಟಿಲು ಹತ್ತಿ, ಸಾಮಾನ್ಯವಾಗಿ ಹತ್ತು ವರ್ಷದಷ್ಟು ಸಮಯ ತೆಗೆದುಕೊಂಡು, ಪಾಲಿಪ್ ಕ್ಯಾನ್ಸರ್ ಆಗುತ್ತದೆ. ಅಮೆರಿಕದ ಫಿಯರಾನ್ ಮತ್ತು ವೋಗಲ್‌ಸ್ಟೈನ್ 1990ರಲ್ಲಿ ಬಿಡಿಸಿಟ್ಟ ಈ ಚಿತ್ರ ಇಂದಿಗೂ ಸರಿಯೇ. ಆದರೆ ಇದು ಬೀಜದ ಕಥೆ ಮಾತ್ರ.

ಮಣ್ಣಿನ ಕಥೆಯನ್ನು ಮೊದಲು ಎತ್ತಿದವರು ಲಂಡನ್ನಿನ ಸರ್ಜನ್ ಸ್ಟೀಫನ್ ಪ್ಯಾಜೆಟ್, 1889ರಲ್ಲಿ. ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡ 735 ಮಹಿಳೆಯರ ಶವಪರೀಕ್ಷೆಯ ದಾಖಲೆಗಳನ್ನು ಅವರು ಒಟ್ಟುಗೂಡಿಸಿದರು. 241 ಮಂದಿಯಲ್ಲಿ ಕ್ಯಾನ್ಸರ್ ಲಿವರ್‌ಗೆ ಹಬ್ಬಿತ್ತು, ಗುಲ್ಮಕ್ಕೆ ಹಬ್ಬಿದ್ದು 17 ಮಂದಿಯಲ್ಲಿ ಮಾತ್ರ. ರಕ್ತ ಎರಡಕ್ಕೂ ಹರಿಯುತ್ತದಲ್ಲ, ಮತ್ತೆ ಈ ವ್ಯತ್ಯಾಸ ಯಾಕೆ? ಬೀಜ ಎಲ್ಲ ಕಡೆ ಬೀಳುತ್ತದೆ, ಒಗ್ಗುವ ಮಣ್ಣಿನಲ್ಲಿ ಮಾತ್ರ ಮೊಳೆಯುತ್ತದೆ ಅನ್ನುವುದು ಅವರ ವಾದ. ರೈತರ ಮನೆಯ ಯಾರಿಗೂ ಇದನ್ನು ಎರಡನೇ ಸಲ ವಿವರಿಸಬೇಕಿಲ್ಲ. ಕರುಳಿನ ಕ್ಯಾನ್ಸರ್ ಲಿವರ್‌ಗೆ ಹೋಗುವುದರಲ್ಲಿ ದಾರಿಯ ಪಾಲೂ ಇದೆ ಅನ್ನುವುದನ್ನು ಇಲ್ಲಿ ಹೇಳಲೇಬೇಕು: ಕರುಳಿನಿಂದ ಹೊರಟ ರಕ್ತ ಮೊದಲು ಹೋಗುವುದೇ ಲಿವರ್‌ಗೆ. ಆದರೆ ಹೋಗಿ ಬಿದ್ದ ಕೋಶಗಳೆಲ್ಲ ಅಲ್ಲಿ ಬೇರೂರುವುದಿಲ್ಲ. ಬೇರೂರುವುದೋ ಇಲ್ಲವೋ ಅನ್ನುವುದು ಮತ್ತೆ ಮಣ್ಣಿನ ಪ್ರಶ್ನೆಯೇ.

ಇಷ್ಟು ಹಳೆಯ ವಿಚಾರ ಸುಮಾರು ನೂರು ವರ್ಷ ಬದಿಗೇ ಕೂತಿತ್ತು. ವಂಶವಾಹಿಗಳ ಅಬ್ಬರದಲ್ಲಿ ಮಣ್ಣನ್ನು ನೋಡುವ ವ್ಯವಧಾನ ಹೆಚ್ಚಿನವರಿಗೆ ಇರಲಿಲ್ಲ.

ಈಗ ಕರುಳಿನ ಒಳಗೆ ಬನ್ನಿ. ದೊಡ್ಡಕರುಳಿನ ಒಳಗೋಡೆಯ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ಗುಂಡಿಗಳಿವೆ. ಗುಂಡಿಯ ತಳದಲ್ಲಿ ಮೂಲಕೋಶಗಳು ಸತತವಾಗಿ ಮರಿ ಹಾಕುತ್ತವೆ, ಮರಿಗಳು ಮೇಲಕ್ಕೆ ಸರಿಯುತ್ತಾ ಬಂದು ಉದುರುತ್ತವೆ. ನಾಲ್ಕೈದು ದಿನಕ್ಕೊಮ್ಮೆ ಈ ಒಳಪದರ ಹೆಚ್ಚೂಕಡಿಮೆ ಹೊಸದಾಗುತ್ತದೆ. ತಳದಲ್ಲಿರುವವರು ಬೆಳೆಯಬೇಕು, ಮೇಲಿರುವವರು ನಿಲ್ಲಿಸಬೇಕು. ಈ ಶಿಸ್ತನ್ನು ಕಾಯುವವರಲ್ಲಿ ಗೋಡೆಯ ಹಿಂದೆ ಕೂತಿರುವ ಫೈಬ್ರೋಬ್ಲಾಸ್ಟ್ ಕೋಶಗಳೂ ಸೇರಿವೆ. ತಳದಲ್ಲಿ ಒಂದು ಸಂದೇಶ, ಮೇಲೆ ಇನ್ನೊಂದು. ನೆರೆಹೊರೆ ಅನ್ನುವುದು ಕ್ಯಾನ್ಸರ್ ಬಂದ ಮೇಲೆ ಹುಟ್ಟಿಕೊಂಡದ್ದಲ್ಲ, ಮೊದಲಿನಿಂದಲೂ ಅದೇ ಊರು ನಡೆಸುತ್ತಿತ್ತು.

ಫೈಬ್ರೋಬ್ಲಾಸ್ಟ್‌ಗಳ ಇನ್ನೊಂದು ಕೆಲಸ ಗಾಯ ಮಾಯಿಸುವುದು. ಚರ್ಮ ಹರಿದರೆ ಓಡಿಬಂದು ಕೊಲಾಜನ್ ಹೆಣೆದು, ಎಳೆದು ಹೊಲಿದು, ಕೆಲಸ ಮುಗಿದ ಮೇಲೆ ತಣ್ಣಗಾಗುತ್ತವೆ. ಗೆಡ್ಡೆಯನ್ನೂ ಅವು ಗಾಯ ಅಂತಲೇ ತಿಳಿಯುತ್ತವೆ. ಅಮೆರಿಕದ ರೋಗಶಾಸ್ತ್ರಜ್ಞ ಹೆರಾಲ್ಡ್ ಡ್ವೊರಾಕ್ 1986ರಲ್ಲಿ ಗೆಡ್ಡೆಯನ್ನು ಮಾಯದ ಗಾಯಕ್ಕೆ ಹೋಲಿಸಿದರು. ಮನೆ ರಿಪೇರಿಗೆ ಕರೆಸಿದ ಮೇಸ್ತ್ರಿ ಕೆಲಸ ಮುಗಿದರೂ ಹೋಗದೆ, ಗೋಡೆಯ ಮೇಲೆ ಗೋಡೆ ಎಬ್ಬಿಸುತ್ತಾ, ಕಿಟಕಿ ಬಾಗಿಲು ಮುಚ್ಚುತ್ತಾ ಕೂತರೆ ಹೇಗಿರುತ್ತದೆ ಊಹಿಸಿ. ಗೆಡ್ಡೆಯ ಸುತ್ತ ಆಗುವುದು ಅದೇ. ಕೊಲಾಜನ್ ದಟ್ಟವಾಗಿ ಅಂಗಾಂಶ ಗಡುಸಾಗುತ್ತದೆ. ಫೈಬ್ರೋಬ್ಲಾಸ್ಟ್‌ಗಳು ಸುರಿಸುವ ಬೆಳವಣಿಗೆಯ ರಾಸಾಯನಿಕಗಳನ್ನು ಕ್ಯಾನ್ಸರ್ ಕೋಶಗಳು ಉಂಡು ಕೊಬ್ಬುತ್ತವೆ. ದುರುದ್ದೇಶ ಯಾರದ್ದೂ ಅಲ್ಲ. ಮೇಸ್ತ್ರಿ ತನಗೆ ಗೊತ್ತಿರುವ ಕೆಲಸವನ್ನೇ ಮಾಡುತ್ತಿದ್ದಾನೆ.

ಇದು ಕೇವಲ ಹೋಲಿಕೆಯಲ್ಲ, ರೋಗಿಯ ಆಯಸ್ಸನ್ನೇ ಬದಲಿಸುವ ಸಂಗತಿ ಅಂತ ಸ್ಪಷ್ಟವಾದದ್ದು 2015ರಲ್ಲಿ. ಆ ವರ್ಷ ಹಲವು ದೇಶಗಳ ತಂಡಗಳು ಸೇರಿ 4 ಸಾವಿರಕ್ಕೂ ಹೆಚ್ಚು ಕರುಳಿನ ಗೆಡ್ಡೆಗಳ ವಂಶವಾಹಿ ಚಟುವಟಿಕೆಯನ್ನು ಒಟ್ಟಿಗೆ ಹಾಕಿ, ಕಂಪ್ಯೂಟರ್‌ನಿಂದ ವಿಂಗಡಿಸಿದವು. ನಾಲ್ಕು ಗುಂಪುಗಳು ಸಿಕ್ಕವು. ನಾಲ್ಕನೆಯದು, ಅಂದರೆ ನೂರರಲ್ಲಿ ಸುಮಾರು 23 ಗೆಡ್ಡೆಗಳಿರುವ ಗುಂಪು, ಎಲ್ಲಕ್ಕಿಂತ ಕೆಟ್ಟದ್ದು. ಈ ಗುಂಪಿನವರಲ್ಲಿ ರೋಗ ಮರುಕಳಿಸುವುದು ಹೆಚ್ಚು, ಬದುಕುಳಿಯುವುದು ಕಡಿಮೆ. ಮೊದಲ ನೋಟಕ್ಕೆ, ಕ್ಯಾನ್ಸರ್ ಕೋಶಗಳೇ ರೂಪ ಬದಲಿಸಿಕೊಂಡು ಅಲೆಮಾರಿಗಳಾಗಿವೆ ಅನ್ನುವಂತೆ ಅದರ ವಂಶವಾಹಿಗಳ ಪಟ್ಟಿ ಇತ್ತು.

ಅದೇ ವರ್ಷ ಬಾರ್ಸಿಲೋನಾದ ಒಂದು ತಂಡ ಮತ್ತು ಇಟಲಿಯ ಟ್ಯೂರಿನ್‌ನ ಇನ್ನೊಂದು ತಂಡ ಬೇರೆ ಬೇರೆಯಾಗಿ ಕೇಳಿದ ಪ್ರಶ್ನೆ ಇದು: ಗೆಡ್ಡೆಯನ್ನು ಇಡಿಯಾಗಿ ಅರೆದು ಅಳೆದಿದ್ದೀರಿ, ಈ ಸಂಕೇತ ಬಂದದ್ದು ಕ್ಯಾನ್ಸರ್ ಕೋಶದಿಂದಲೇ ಅಂತ ಹೇಗೆ ಹೇಳುತ್ತೀರಿ? ಮಿಕ್ಸಿಗೆ ಹಾಕಿದ ಮೇಲೆ ಯಾವ ರುಚಿ ಯಾವ ಪದಾರ್ಥದ್ದು?

ಟ್ಯೂರಿನ್ ತಂಡದ ಉಪಾಯ ನೋಡಿ, ನನಗಂತೂ ಎದ್ದು ಚಪ್ಪಾಳೆ ಹೊಡೆಯಬೇಕು ಅನಿಸಿತ್ತು. ರೋಗಿಯ ಗೆಡ್ಡೆಯ ಚೂರನ್ನು ಇಲಿಯ ಮೈಯಲ್ಲಿ ಬೆಳೆಸಿದಾಗ ಕ್ಯಾನ್ಸರ್ ಕೋಶಗಳು ಮನುಷ್ಯರವೇ ಆಗಿ ಉಳಿಯುತ್ತವೆ, ಆದರೆ ಸುತ್ತಲಿನ ಫೈಬ್ರೋಬ್ಲಾಸ್ಟ್, ರಕ್ತನಾಳಗಳ ಜಾಗವನ್ನು ಇಲಿಯ ಕೋಶಗಳು ತುಂಬುತ್ತವೆ. ಮನುಷ್ಯರ ಆರ್‌ಎನ್‌ಎ ಅಕ್ಷರಗಳಿಗೂ ಇಲಿಯ ಅಕ್ಷರಗಳಿಗೂ ವ್ಯತ್ಯಾಸವಿದೆ. ಹಾಗಾಗಿ ಅರೆದ ಮೇಲೂ ಯಾವ ಮಾತನ್ನು ಯಾರು ಆಡಿದ್ದು ಅಂತ ಬೇರ್ಪಡಿಸಬಹುದು! ನಮ್ಮ ಸಿಗ್ನಲ್ ಪ್ರೊಸೆಸಿಂಗ್ ಕ್ಲಾಸಿನಲ್ಲಿ, ಒಂದೇ ಕೋಣೆಯಲ್ಲಿ ಹತ್ತು ಜನ ಮಾತಾಡುವಾಗ ಒಬ್ಬೊಬ್ಬರ ದನಿಯನ್ನು ಹೇಗೆ ಬಿಡಿಸುವುದು ಅಂತ ಪಾಠ ಮಾಡುತ್ತಾರೆ. ಇವರು ಗಣಿತವನ್ನೂ ಮುಟ್ಟದೆ, ಹತ್ತು ಜನಕ್ಕೂ ಬೇರೆ ಬೇರೆ ಭಾಷೆ ಕೊಟ್ಟುಬಿಟ್ಟರು.

ಬೇರ್ಪಡಿಸಿ ನೋಡಿದರೆ, ಕೆಟ್ಟ ಗುಂಪಿನ ಗುರುತು ಎಂದುಕೊಂಡಿದ್ದ ವಂಶವಾಹಿಗಳಲ್ಲಿ ಬಹುಪಾಲು ದನಿ ಇಲಿಯದು. ಅಂದರೆ ನೆರೆಹೊರೆಯದು. ಬಾರ್ಸಿಲೋನಾದವರು ರೋಗಿಗಳ ಗೆಡ್ಡೆಯಿಂದಲೇ ಒಂದೊಂದು ಬಗೆಯ ಕೋಶವನ್ನು ಹೆಕ್ಕಿ ತೆಗೆದು ನೋಡಿದಾಗಲೂ ಅದೇ ಉತ್ತರ: ಮುಖ್ಯವಾಗಿ ಫೈಬ್ರೋಬ್ಲಾಸ್ಟ್‌ಗಳು. ರೋಗಿಯ ಭವಿಷ್ಯ ಹೇಳುತ್ತಿದ್ದದ್ದು ಕ್ಯಾನ್ಸರ್ ಅಲ್ಲ, ಅದರ ಅಕ್ಕಪಕ್ಕದವರು.

ಈ ನೆರೆಹೊರೆಯನ್ನು ಹೀಗೆ ತಿರುಗಿಸುವುದರಲ್ಲಿ ದೊಡ್ಡ ಪಾಲು ಟಿಜಿಎಫ್-ಬೀಟಾ ಅನ್ನುವ ಪ್ರೋಟೀನಿನದು. ಇದರ ಕಥೆ ವಿಚಿತ್ರ. ಆರೋಗ್ಯವಂತ ಕರುಳಿನ ಕೋಶಕ್ಕೆ ಟಿಜಿಎಫ್-ಬೀಟಾ ಅಂದರೆ ಬ್ರೇಕ್, ಸಾಕು ಬೆಳೆದದ್ದು ಅನ್ನುವ ಆಜ್ಞೆ. ಎಷ್ಟೋ ಕರುಳಿನ ಕ್ಯಾನ್ಸರ್‌ಗಳು ಈ ಆಜ್ಞೆಯನ್ನು ಕೇಳಿಸಿಕೊಳ್ಳುವ ಕಿವಿಯನ್ನೇ ಕಳೆದುಕೊಂಡಿರುತ್ತವೆ, ಅದಕ್ಕೆ ಬೇಕಾದ ವಂಶವಾಹಿ ಕೆಟ್ಟಿರುತ್ತದೆ. ಆದರೆ ಆಜ್ಞೆ ನಿಲ್ಲುವುದಿಲ್ಲ. ಕ್ಯಾನ್ಸರ್ ಕಿವುಡಾಗಿದೆ, ನೆರೆಹೊರೆಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತದೆ. ಅದೇ ಸಂದೇಶ ಫೈಬ್ರೋಬ್ಲಾಸ್ಟ್‌ಗೆ ‘ಇನ್ನೂ ಕಟ್ಟು’ ಅನ್ನುತ್ತದೆ, ರೋಗನಿರೋಧಕ ಟಿ-ಕೋಶಗಳಿಗೆ ‘ಇಲ್ಲಿ ನಿಮಗೆ ಕೆಲಸವಿಲ್ಲ’ ಅನ್ನುತ್ತದೆ. ತನಗೆ ಹಾಕಿದ ಬ್ರೇಕ್ ತನ್ನನ್ನು ಬಿಟ್ಟು ಮಿಕ್ಕವರಿಗೆಲ್ಲ ಬಿದ್ದರೆ ಕಳ್ಳನಿಗೆ ಇನ್ನೇನು ಬೇಕು?

ಟಿ-ಕೋಶಗಳು ಒಳಗೆ ಬರುವುದು ಎಷ್ಟು ಮುಖ್ಯ ಅನ್ನುವುದನ್ನು ಪ್ಯಾರಿಸ್‌ನ ಜೆರೋಮ್ ಗ್ಯಾಲೊನ್ ತಂಡ 2006ರಲ್ಲೇ ತೋರಿಸಿತ್ತು. ಕರುಳಿನ ಗೆಡ್ಡೆಯ ನಡುವೆ ಮತ್ತು ಅಂಚಿನಲ್ಲಿ ಎಷ್ಟು ಟಿ-ಕೋಶಗಳಿವೆ ಅಂತ ಎಣಿಸಿದರೆ, ರೋಗ ಮರಳುವುದೋ ಇಲ್ಲವೋ ಎಂಬುದನ್ನು ಸ್ಟೇಜ್‌ಗಿಂತ ಚೆನ್ನಾಗಿ ಊಹಿಸಬಹುದು ಅನ್ನುವುದು ಅವರ ಮಾತು. ಆಗ ನಂಬದವರಿದ್ದರು. 2018ರಲ್ಲಿ 13 ದೇಶಗಳ 2,600ಕ್ಕೂ ಹೆಚ್ಚು ರೋಗಿಗಳ ಗೆಡ್ಡೆಗಳಲ್ಲಿ ಇದೇ ಎಣಿಕೆ ಮಾಡಿ ನೋಡಿದಾಗಲೂ ಆ ಮಾತು ನಿಂತಿತು. ಒಂದೇ ಸ್ಟೇಜ್‌ನ ಇಬ್ಬರಲ್ಲಿ ಒಬ್ಬರ ಗೆಡ್ಡೆಯಲ್ಲಿ ಕಾವಲುಗಾರರು ತುಂಬಿದ್ದು, ಇನ್ನೊಬ್ಬರದ್ದರಲ್ಲಿ ಗೇಟಿನ ಹೊರಗೇ ನಿಂತಿದ್ದರೆ ದಾರಿ ಬೇರೆಯಾಗುವುದು ಸಹಜ. ದೊಡ್ಡವ್ವನಿಗೆ ಫೋನ್ ಮಾಡಿ ಹೇಳಿದ್ದು ಇದನ್ನೇ. “ಹಂಗಾರ ಮಾಸ್ತರದೇನೂ ತಪ್ಪಿಲ್ಲ ಅನ್ನು” ಅಂದರು. ಹೂಂ ಅಂದೆ. ಆ ಮಾತನ್ನು ಅವರು ಮಾಸ್ತರ ಹೆಂಡತಿಗೂ ಫೋನ್ ಮಾಡಿ ಹೇಳಿದರಂತೆ.

ಬ್ಯಾಕ್ಟೀರಿಯಾಗಳ ವಿಷಯ ಎತ್ತಿದರೆ ಇನ್ನೊಂದು ಲೇಖನವೇ ಆಗುತ್ತದೆ. ಬಾಯಲ್ಲಿ ವಾಸಿಸುವ ಫ್ಯುಸೋಬ್ಯಾಕ್ಟೀರಿಯಂ ಅನ್ನುವ ಜೀವಿ ಕರುಳಿನ ಗೆಡ್ಡೆಗಳಲ್ಲಿ ಹೇರಳವಾಗಿ ಸಿಗುತ್ತದೆ ಅಂತ 2012ರಲ್ಲಿ ಗೊತ್ತಾಯಿತು. 2017ರಲ್ಲಿ ನೋಡಿದರೆ, ಲಿವರ್‌ಗೆ ಹಬ್ಬಿದ ಗೆಡ್ಡೆಯಲ್ಲೂ ಅದು ಜೊತೆಗೇ ಹೋಗಿ ಕೂತಿತ್ತು. ಬೀಜ ಹೋಗುವಾಗ ಸ್ವಲ್ಪ ಮಣ್ಣನ್ನೂ ಕಟ್ಟಿಕೊಂಡು ಹೋಗುತ್ತದೆ ಅಂತಾಯಿತು.

ಹಾಗಾದರೆ ಔಷಧ? ಬೀಜಕ್ಕಲ್ಲ, ಮಣ್ಣಿಗೆ ಮದ್ದು ಕೊಡುವ ಪ್ರಯತ್ನ ಕರುಳಿನ ಕ್ಯಾನ್ಸರ್‌ನಲ್ಲಿ ಆಗಲೇ ಶುರುವಾಗಿ ಇಪ್ಪತ್ತು ವರ್ಷ ದಾಟಿದೆ. ಗೆಡ್ಡೆ ತನಗೆ ಬೇಕಾದ ರಕ್ತನಾಳಗಳನ್ನು ತಾನೇ ಕರೆಸಿಕೊಳ್ಳುತ್ತದೆ, ಆ ಕರೆಯನ್ನು ತಡೆದರೆ ಗೆಡ್ಡೆ ಬೆಳೆಯಲಾರದು ಅಂತ ಜೂಡಾ ಫೋಕ್‌ಮನ್ 1971ರಲ್ಲಿ ಬರೆದರು. ಅದರ ಫಲ ಬೆವಾಸಿಝುಮ್ಯಾಬ್. 2004ರಲ್ಲಿ ಅಮೆರಿಕದಲ್ಲಿ ಮೊದಲು ಒಪ್ಪಿಗೆ ಸಿಕ್ಕಿದ್ದೇ ಹಬ್ಬಿದ ಕರುಳಿನ ಕ್ಯಾನ್ಸರ್‌ಗೆ. ಕೀಮೋ ಜೊತೆ ಅದನ್ನು ಕೊಟ್ಟ ಪರೀಕ್ಷೆಯಲ್ಲಿ ರೋಗಿಗಳ ಮಧ್ಯಮ ಆಯಸ್ಸು 15.6 ತಿಂಗಳಿಂದ 20.3 ತಿಂಗಳಿಗೆ ಏರಿತು. ಐದು ತಿಂಗಳೂ ಇಲ್ಲ. ಕೇಳಲು ಕಡಿಮೆ, ಆದರೆ ಮನೆಯಲ್ಲಿ ಮದುವೆಯೋ ಮೊಮ್ಮಗುವೋ ಬರುವುದಿದ್ದರೆ ಅದು ಕಡಿಮೆಯಲ್ಲ.

ಎರಡನೆಯದು ದೊಡ್ಡ ಸುದ್ದಿಯಾಯಿತು. 2022ರಲ್ಲಿ ನ್ಯೂಯಾರ್ಕ್‌ನ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಲ್ಲಿ ಗುದನಾಳದ ಕ್ಯಾನ್ಸರ್ ಇದ್ದ 12 ಮಂದಿಗೆ ಡೊಸ್ಟಾರ್ಲಿಮ್ಯಾಬ್ ಅನ್ನುವ ಔಷಧ ಕೊಟ್ಟರು. ಹನ್ನೆರಡೂ ಜನರಲ್ಲಿ ಗೆಡ್ಡೆ ಕಣ್ಮರೆ! ಆಪರೇಶನ್ ಇಲ್ಲ, ರೇಡಿಯೇಶನ್ ಇಲ್ಲ. ಕ್ಯಾನ್ಸರ್‌ಗೆ ಮದ್ದು ಸಿಕ್ಕೇಬಿಟ್ಟಿತು ಅಂತ ನಮ್ಮ ವಾಟ್ಸ್ಆ್ಯಪ್ ಗುಂಪುಗಳಲ್ಲೂ ಹರಿದಾಡಿತ್ತು. ಆ ಔಷಧ ಕ್ಯಾನ್ಸರ್ ಕೋಶವನ್ನು ನೇರವಾಗಿ ಕೊಲ್ಲುವುದಿಲ್ಲ, ಪಕ್ಕದಲ್ಲಿ ಸುಮ್ಮನೆ ನಿಂತ ಟಿ-ಕೋಶದ ಬ್ರೇಕ್ ಬಿಡಿಸುತ್ತದೆ ಅಷ್ಟೆ. ಫಾರ್ವರ್ಡ್ ಮಾಡಿದವರು ಬಿಟ್ಟ ಮಾತು ಇನ್ನೊಂದಿದೆ. ಆ ಹನ್ನೆರಡೂ ಜನರ ಗೆಡ್ಡೆ ಒಂದು ವಿಶೇಷ ಬಗೆಯದು, ಡಿಎನ್‌ಎ ತಪ್ಪುಗಳನ್ನು ತಿದ್ದುವ ವ್ಯವಸ್ಥೆ ಕೆಟ್ಟಿರುವಂಥದ್ದು. ತಪ್ಪು ಹೆಚ್ಚಾದಷ್ಟೂ ಟಿ-ಕೋಶಗಳ ಕಣ್ಣಿಗೆ ಬೀಳುವುದೂ ಹೆಚ್ಚು. ಗುದನಾಳದ ಕ್ಯಾನ್ಸರ್‌ನಲ್ಲಿ ಇಂಥವು ನೂರಕ್ಕೆ ಐದರಿಂದ ಹತ್ತು ಮಾತ್ರ. ಟಿ-ಕೋಶ ಒಳಗೇ ಬಾರದ ಗೆಡ್ಡೆಯಲ್ಲಿ ಯಾರ ಬ್ರೇಕ್ ಬಿಡಿಸುವುದು?

ಬಾಗಿಲನ್ನೇ ತೆರೆಯುವ ಪ್ರಯತ್ನ ಬಾರ್ಸಿಲೋನಾದಲ್ಲಿ 2018ರಲ್ಲಿ ಇಲಿಗಳ ಮೇಲೆ ನಡೆಯಿತು. ಟಿಜಿಎಫ್-ಬೀಟಾ ತಡೆದರೆ ಟಿ-ಕೋಶಗಳು ಗೆಡ್ಡೆಯೊಳಗೆ ನುಗ್ಗಿದವು, ಬ್ರೇಕ್ ಬಿಡಿಸುವ ಔಷಧವನ್ನೂ ಸೇರಿಸಿ ಕೊಟ್ಟಾಗ ಲಿವರ್‌ಗೆ ಹಬ್ಬಿದ್ದೂ ಕರಗಿತು. ಇಲಿಗಳಲ್ಲಿ. ಈ ಒಂದು ಪದವನ್ನು ಸುದ್ದಿ ಬರೆಯುವವರು ಶೀರ್ಷಿಕೆಯಲ್ಲೇ ಹಾಕಬೇಕು ಅನ್ನುವುದು ನನ್ನ ಅಭಿಪ್ರಾಯ. ಮನುಷ್ಯರಲ್ಲಿ ಟಿಜಿಎಫ್-ಬೀಟಾ ಗಾಯ ಮಾಯುವುದರಿಂದ ಹಿಡಿದು ಹೃದಯದವರೆಗೆ ಎಲ್ಲೆಡೆ ಕೆಲಸ ಮಾಡುತ್ತದೆ, ಪೂರ್ತಿ ತಡೆಯುವುದು ಸುಲಭವಲ್ಲ. ಫೈಬ್ರೋಬ್ಲಾಸ್ಟ್‌ಗಳನ್ನೇ ಸಾರಾಸಗಟಾಗಿ ಕೊಂದರೆ? 2014ರಲ್ಲಿ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಇರುವ ಇಲಿಗಳಲ್ಲಿ ಅದನ್ನೂ ಮಾಡಿ ನೋಡಿದರು. ಕ್ಯಾನ್ಸರ್ ಇನ್ನಷ್ಟು ಉಗ್ರವಾಯಿತು, ಇಲಿಗಳು ಬೇಗ ಸತ್ತವು. ಮೇಸ್ತ್ರಿ ಕಟ್ಟಿದ ಗೋಡೆಗಳಲ್ಲಿ ಕೆಲವು ಕಳ್ಳನನ್ನು ಕೂಡಿಹಾಕಿದ್ದವು ಅನ್ನಿ.

ಈ ನಡುವೆ, ಓದುವವರು ನನ್ನ ವಯಸ್ಸಿನವರಾದ್ದರಿಂದ ಒಂದು ಮಾತು. ‘ಬ್ಲ್ಯಾಕ್ ಪ್ಯಾಂಥರ್’ ನಟ ಚಾಡ್ವಿಕ್ ಬೋಸ್‌ಮನ್ ಕರುಳಿನ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಅವರಿಗೆ 43. ಮನೆಯಲ್ಲಿ ಯಾರಾದರೂ ಮಲದಲ್ಲಿ ರಕ್ತ, ತಿಂಗಳುಗಟ್ಟಲೆ ಬದಲಾದ ಮಲವಿಸರ್ಜನೆ, ಕಾರಣವಿಲ್ಲದ ರಕ್ತಹೀನತೆ ಅಂದರೆ ಮೂಲವ್ಯಾಧಿ ಅಂತ ನೀವೇ ತೀರ್ಮಾನ ಮಾಡಬೇಡಿ. ದೊಡ್ಡಪ್ಪನ ಮಗ, ನಮ್ಮಣ್ಣನಿಗೆ ಡಾಕ್ಟರು 40 ತುಂಬಿದಾಗ ಕೊಲೊನೊಸ್ಕೋಪಿ ಮಾಡಿಸಲು ಈಗಲೇ ಹೇಳಿಟ್ಟಿದ್ದಾರೆ. ತಂದೆ ತಾಯಿಗೆ ಬಂದಿದ್ದರೆ ಮಕ್ಕಳಿಗೆ 40ಕ್ಕೆ, ಇಲ್ಲವೇ ಅವರಿಗೆ ಬಂದ ವಯಸ್ಸಿಗೆ ಹತ್ತು ವರ್ಷ ಮುಂಚೆ, ಯಾವುದು ಮೊದಲೋ ಆಗ. ಪಾಲಿಪ್ ಹಂತದಲ್ಲೇ ಕಿತ್ತುಹಾಕಿದರೆ ಮಣ್ಣಿನ ಪ್ರಶ್ನೆಯೇ ಏಳುವುದಿಲ್ಲ.

ಇನ್ನು ನಮ್ಮ ಕೆಲಸಕ್ಕೆ ಬರುತ್ತೇನೆ. ವಂಶವಾಹಿ ಪರೀಕ್ಷೆ ನಮ್ಮ ಜಿಲ್ಲಾ ಆಸ್ಪತ್ರೆಯ ರೋಗಿಗಳಿಗೆ ದುಬಾರಿ. ಆದರೆ ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ 2007ರಲ್ಲಿ ಒಂದು ತಂಡ ಹೇಳಿದ್ದು ತೀರಾ ಸರಳ. ಪ್ರತಿ ಆಪರೇಶನ್ ಆದ ಮೇಲೂ ಪ್ಯಾಥಾಲಜಿ ಲ್ಯಾಬ್‌ನಲ್ಲಿ ಗುಲಾಬಿ ಮತ್ತು ನೇರಳೆ ಬಣ್ಣ ಹಾಕಿದ ಸ್ಲೈಡ್ ತಯಾರಾಗುತ್ತದಲ್ಲ, ಅದರಲ್ಲೇ ಕ್ಯಾನ್ಸರ್ ಎಷ್ಟು, ಸ್ಟ್ರೋಮಾ ಎಷ್ಟು ಅಂತ ಕಣ್ಣಳತೆಯಲ್ಲಿ ನೋಡಿ. ಸ್ಟ್ರೋಮಾ ಅರ್ಧ ದಾಟಿದ್ದರೆ ಎಚ್ಚರ, ಅಂಥವರಲ್ಲಿ ರೋಗ ಮರಳುವ ಸಾಧ್ಯತೆ ಹೆಚ್ಚು. ಹೊಸ ಯಂತ್ರ ಬೇಡ, ಹೊಸ ಖರ್ಚು ಬೇಡ.

ಕಣ್ಣಳತೆಯ ಕೆಲಸವನ್ನು ಕಂಪ್ಯೂಟರ್‌ಗೆ ಕಲಿಸಬಹುದೇ? 2019ರಲ್ಲಿ ಜರ್ಮನಿಯ ಯಾಕೋಬ್ ಕಾಥರ್ ತಂಡ ಕಲಿಸಿತು. ಹೈಡೆಲ್‌ಬರ್ಗ್ ಮತ್ತು ಮ್ಯಾನ್‌ಹೈಮ್‌ನ 86 ಸ್ಲೈಡ್‌ಗಳಿಂದ ಕತ್ತರಿಸಿದ ಒಂದು ಲಕ್ಷ ಚಿತ್ರಗಳನ್ನು ಒಂಬತ್ತು ಬಗೆಯಾಗಿ ವಿಂಗಡಿಸಿ, ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಬಿಟ್ಟಿದ್ದಾರೆ. ಕೊಬ್ಬು, ಲೋಳೆ, ಸ್ನಾಯು, ಬಿಳಿ ರಕ್ತಕಣ, ಸ್ಟ್ರೋಮಾ, ಕ್ಯಾನ್ಸರ್ ಹೀಗೆ. ಬಗೆ ಗುರುತಿಸುವುದರಲ್ಲಿ ಅವರ ಜಾಲ, ಹಿಂದೆ ನೋಡಿರದ ಚಿತ್ರಗಳ ಮೇಲೂ ನೂರಕ್ಕೆ 94ರಷ್ಟು ಸರಿ. ಅಷ್ಟೇ ಅಲ್ಲ, ಸ್ಟ್ರೋಮಾದ ಲೆಕ್ಕದಿಂದ ರೋಗಿಯ ಮುಂದಿನ ದಾರಿಯನ್ನೂ ಅದು ಊಹಿಸಿತು.

ಆರನೇ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್‌ಗೆ ನಾವು ಮೂವರು ಆರಿಸಿಕೊಂಡದ್ದು ಈ ಒಂದು ಲಕ್ಷ ಚಿತ್ರಗಳನ್ನೇ. ನಮ್ಮ ಮಾಡೆಲ್ ಕೊಬ್ಬನ್ನು ಕಣ್ಣುಮುಚ್ಚಿ ಗುರುತಿಸುತ್ತದೆ. ಒದ್ದಾಡುವುದು ಸ್ನಾಯು ಮತ್ತು ಸ್ಟ್ರೋಮಾ ನಡುವೆ. ಎರಡೂ ಗುಲಾಬಿ, ಎರಡೂ ಎಳೆ ಎಳೆ. ನಮಗೆ ಸಹಾಯ ಮಾಡುವ ಪ್ಯಾಥಾಲಜಿ ಮೇಡಂ ಸ್ನಾಯುವಿನ ಎಳೆ ಬಾಚಿದ ಕೂದಲಿನ ಹಾಗೆ, ಸ್ಟ್ರೋಮಾದ್ದು ಬಾಚದ ಕೂದಲಿನ ಹಾಗೆ ಅಂತ ಹೇಳಿಕೊಟ್ಟರು. ಆಮೇಲೆ ನಮಗಂತೂ ಸ್ಪಷ್ಟವಾಯಿತು, ಮಾಡೆಲ್‌ಗೆ ಇನ್ನೂ ಹೇಳಿಕೊಡುತ್ತಿದ್ದೇವೆ.

ಇನ್ನೊಂದು ತೊಡಕು ಬಣ್ಣದ್ದು. ಒಂದೊಂದು ಲ್ಯಾಬ್‌ನ ಗುಲಾಬಿ ಒಂದೊಂದು ತರಹ. ಜರ್ಮನಿಯ ಸ್ಲೈಡ್ ನೋಡಿ ಕಲಿತ ಮಾಡೆಲ್ ನಮ್ಮ ಕಡೆಯ ಲ್ಯಾಬ್‌ನ ಸ್ಲೈಡ್ ಮುಂದೆ ತಬ್ಬಿಬ್ಬಾಗಬಹುದು. ಅದನ್ನು ಪರೀಕ್ಷಿಸಲು ಇಲ್ಲಿನ ರೋಗಿಗಳ ಹಳೆಯ ಸ್ಲೈಡ್‌ಗಳೇ ಬೇಕು, ಹೆಸರು ತೆಗೆದು. ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ಅದನ್ನೇ ಇಟ್ಟುಕೊಂಡಿದ್ದೇವೆ. ಒಂದು ಮೆಡಿಕಲ್ ಕಾಲೇಜಿನ ಎಥಿಕ್ಸ್ ಕಮಿಟಿಗೆ ಅರ್ಜಿ ಕೊಟ್ಟು ಮೂರು ವಾರವಾಯಿತು, ಉತ್ತರ ಇನ್ನೂ ಬಂದಿಲ್ಲ.